ನಡುಗೆರೆಯ ಮೇಲೆ ಕೂತವನು

ಆ ವಾರ ಎಲ್ಲರೂ ಎಲಿಮೊ ಗಿಬುಮಾನಿಗೆ ಒಳ್ಳೆಯವರಾಗಿಬಿಟ್ಟರು. ಅವನಿಗೆ ಭಯ ಹುಟ್ಟಿದ್ದೇ ಅದರಿಂದ.

ಬೈಗುಳ ಅವನಿಗೆ ಹೊಸದಲ್ಲ. ಬೈದರೆ ಇನ್ನೂ ತಂಡದಲ್ಲಿ ಇಟ್ಟುಕೊಂಡಿದ್ದಾರೆ ಎಂದರ್ಥ. ಹದಿನಾಲ್ಕು ವರ್ಷ ಬಾಸ್ಕೆಟ್‌ಬಾಲ್ ಆಡಿ ಹೊಟ್ಟೆ ಹೊರೆದವನು ಅವನು. ಪೋರ್ಟ್ ಹ್ಯಾಲೋರನ್ ಎಂಬ ಬಂದರೂರಿನ ಈ ತಂಡ ಅವನಿಗೆ ಹನ್ನೆರಡನೆಯದು. ಹಿಂದಿನ ಹನ್ನೊಂದೂ ಅವನನ್ನು ಹೊರಗೆ ಹಾಕಿದ್ದವು. ಹೊರಗೆ ಹಾಕುವ ಮುಂಚೆ ಗಾಳಿ ಹೇಗೆ ಬದಲಾಗುತ್ತದೆ ಎಂಬುದು ಅವನ ಚರ್ಮಕ್ಕೇ ಗೊತ್ತಿತ್ತು. ದಕ್ಷಿಣದ ಒಂದು ಚಳಿಯೂರಲ್ಲಿ ಬಟ್ಟೆ ಒಗೆಯುವವನು ಅವನ ಟವೆಲನ್ನು ಮಡಚುವುದು ಬಿಟ್ಟ. ಎರಡು ದಿನಕ್ಕೆ ಕೆಲಸ ಹೋಯಿತು. ನ್ಯೂಜಿಲೆಂಡಿನ ಒಂದು ಊರಲ್ಲಿ, ದಿನವೂ 'ಏಯ್ ಗಿಬುಮಾ' ಎನ್ನುತ್ತಿದ್ದ ತರಬೇತುದಾರ ಒಂದು ಬೆಳಗ್ಗೆ ಮೆಲ್ಲಗೆ 'ಎಲಿಮೊ' ಎಂದ. ಮಧ್ಯಾಹ್ನ ಬಸ್ಸು ಹತ್ತಿಸಿದರು. ಇನ್ನೊಂದೆಡೆ ಮಾತೇ ಇಲ್ಲ. ಅಭ್ಯಾಸಕ್ಕೆ ಹೋದರೆ ಅವನ ಬೀರುವಿನ ಮೇಲೆ ಬೇರೆಯವನ ಹೆಸರು.

ಅವನ ಕೆಲಸ ಗೋಡೆಯ ಕೆಲಸ. ಆರೂವರೆ ಅಡಿ ಎತ್ತರ, ಅದಕ್ಕೆ ತಕ್ಕ ಹೆಗಲು. ಬುಟ್ಟಿಗೆ ಚೆಂಡು ಹಾಕುವವನು ಬೇರೆ. ಅವನಿಗೆ ದಾರಿಯಾಗಲಿ ಎಂದು ಎದುರಾಳಿಗೆ ಅಡ್ಡ ನಿಲ್ಲುವವನು ಎಲಿಮೊ. ಓಡಿಬಂದ ಮೈಗಳು ಬಂದು ಬಡಿಯುತ್ತಿದ್ದವು. ಎದೆಗೆ ಮೊಣಕೈ, ತೊಡೆಗೆ ಮಂಡಿ. ಮೂಗು ಮೂರು ಸಲ ಮುರಿದಿತ್ತು. ಎಡಗೈಯ ಕಿರುಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಕಾಲಿನ ಹೆಬ್ಬೆರಳ ಉಗುರು ಬಿದ್ದು ಬೆಳೆದು ಬಿದ್ದು, ಕೊನೆಗೆ ಬೆಳೆಯುವುದನ್ನೇ ಬಿಟ್ಟಿತ್ತು. ಪತ್ರಿಕೆಯಲ್ಲಿ ಹೆಸರು ಬರುವುದು ಚೆಂಡು ಹಾಕಿದವನದು. ಗೋಡೆಗೆ ಯಾರು ಹೆಸರಿಡುತ್ತಾರೆ?

ಹುಟ್ಟಿದ್ದು ದೇಶದ ಉತ್ತರ ತುದಿಯ ಟಾರೆಸ್ ಜಲಸಂಧಿಯ ಬೊಯಿಗು ಎಂಬ ಪುಟ್ಟ ದ್ವೀಪದಲ್ಲಿ. ಶಾಲೆಯ ಹಿಂದಿನ ಸಿಮೆಂಟು ಅಂಗಳದಲ್ಲಿ ಬರಿಗಾಲಲ್ಲಿ ಕಲಿತ ಆಟ. ಹೈಸ್ಕೂಲಿಗೆಂದು ದೊಡ್ಡ ನೆಲಕ್ಕೆ ಬಂದವನು ಮತ್ತೆ ದ್ವೀಪದಲ್ಲಿ ಹೆಚ್ಚು ದಿನ ಇದ್ದಿಲ್ಲ. ಎಲ್ಲಿ ಹೋದರೂ ತಂಡದಲ್ಲಿ ದ್ವೀಪದವನು ಇವನೊಬ್ಬನೇ. ಐದು ನಿಮಿಷ ತಡವಾದರೆ, "ದ್ವೀಪದವ್ರು ಗಡಿಯಾರ ನೋಡಲ್ಲ, ಸಮುದ್ರ ನೋಡ್ತಾರೆ" ಎಂದು ನಗು. ಅಜ್ಜಿ ಸತ್ತಾಗ ನಾಲ್ಕು ದಿನ ರಜೆ ಕೇಳಿದ್ದಕ್ಕೆ, "ಎಷ್ಟು ಜನ ಅಜ್ಜೀರಪ್ಪಾ ನಿಮಗೆ?" ಎಂದು ಕೇಳಿದವರೂ ಇದ್ದರು.

ಅಂಥವನಿಗೆ ಆ ಸೋಮವಾರ ತರಬೇತುದಾರ ಗ್ಯಾವಿನ್ ಪ್ರೈಸ್ ಹೆಗಲ ಮೇಲೆ ಕೈ ಇಟ್ಟ. ವ್ಯವಸ್ಥಾಪಕ ಕ್ರೇಗ್ ಮೊನಾಹನ್ ಹಣ್ಣಿನ ಬುಟ್ಟಿ ಕಳಿಸಿದ. ಊರಿನ ದೊಡ್ಡ ರಸ್ತೆಯ ಬಸ್ ನಿಲ್ದಾಣಗಳಲ್ಲೆಲ್ಲ ಎಲಿಮೊನ ಮುಖದ ಪೋಸ್ಟರ್ ಎದ್ದಿತು. ಶನಿವಾರ 'ಮೂಲನಿವಾಸಿ ಗೌರವ' ಪಂದ್ಯ. ಇಡೀ ತಂಡ ದ್ವೀಪದ ಚಿತ್ತಾರವಿರುವ ಅಂಗಿ ತೊಟ್ಟು ಆಡಬೇಕು. ಟಿವಿಯವರು ಬರುತ್ತಾರೆ. ತಂಡಕ್ಕೆ ಹಣ ಕೊಡುವ ಬಂದರು ಕಂಪನಿಯವರು ಬರುತ್ತಾರೆ. ಅಂಗಿಯ ಚಿತ್ತಾರ ಬರೆದದ್ದು ಎಲಿಮೊನ ತಾಯಿಯ ತಂಗಿ, ಆಂಟಿ ಜೆಮೈಮಾ. ಅದೇ ಊರಿನ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ ಆಕೆಯದು. ಎರಡು ತಿಂಗಳು ಕೂತು ಬರೆದಿದ್ದಳು. ಕಡಲಹಸು, ಹದ್ದಿನಂಥ ಕಡಲಹಕ್ಕಿ, ಅಲೆಯ ಗೆರೆಗಳು.

"ಇಷ್ಟೆಲ್ಲ ಯಾಕೆ?" ಎಂದು ಎಲಿಮೊ ತನ್ನನ್ನೇ ಕೇಳಿಕೊಂಡ. ಆ ವರ್ಷ ಅವನು ಸರಾಸರಿ ಒಂಬತ್ತು ನಿಮಿಷ ಆಡುವವನು. ಮೂವತ್ತಮೂರು ವಯಸ್ಸು. ಮೇಲಾಗಿ ಎಡಗಾಲು ನೋವು.

ಪಾದದ ಮೇಲ್ಭಾಗದಲ್ಲಿ, ಕಮಾನು ಏಳುವ ಜಾಗದಲ್ಲಿ ಆ ನೋವು. ಬೆಳಗ್ಗೆ ಹಾಸಿಗೆಯಿಂದ ಇಳಿದಾಗ ಮೊಳೆ ಹೊಡೆದ ಹಾಗೆ. ಏಳು ವಾರದ ಹಿಂದೆ ತಂಡದ ಡಾಕ್ಟರು ಸ್ಕ್ಯಾನ್ ಮಾಡಿಸಿದ. "ಊತ ಅಷ್ಟೇ, ಕಣೋ" ಎಂದ. ಅಂದಿನಿಂದ ಪ್ರತಿ ಪಂದ್ಯಕ್ಕೂ ಮುಂಚೆ ಪಾದಕ್ಕೆ ಸೂಜಿ. ಹತ್ತು ನಿಮಿಷದಲ್ಲಿ ಪಾದ ಸತ್ತುಹೋಗುತ್ತಿತ್ತು. ಬೇರೆಯವನ ಕಾಲು ತಂದು ಜೋಡಿಸಿದಂತೆ. ಅದರ ಮೇಲೆ ಅವನು ಹಾರುತ್ತಿದ್ದ, ಬೀಳುತ್ತಿದ್ದ, ಅಡ್ಡ ನಿಲ್ಲುತ್ತಿದ್ದ. ಮದ್ದು ಇಳಿದ ಮೇಲೆ ಮಂಜುಗಡ್ಡೆಯ ಬಕೆಟ್ಟಿನಲ್ಲಿ ಕಾಲಿಟ್ಟು, ಟವೆಲು ಕಚ್ಚಿಕೊಂಡು ಕೂರುತ್ತಿದ್ದ. ಸ್ಕ್ಯಾನಿನ ಚಿತ್ರ ತೋರಿಸಿ ಎಂದು ಎರಡು ಸಲ ಕೇಳಿದ. ಮೊದಲ ಸಲ ಕಂಪ್ಯೂಟರ್ ಕೆಟ್ಟಿತ್ತು. ಎರಡನೆಯ ಸಲ ಡಾಕ್ಟರು ರಜೆಯಲ್ಲಿದ್ದ. ಮೂರನೆಯ ಸಲ ಕೇಳಲಿಲ್ಲ. ಹೆಚ್ಚು ಕೇಳುವವನನ್ನು ತಂಡಗಳು ಇಟ್ಟುಕೊಳ್ಳುವುದಿಲ್ಲ.

ಮಂಗಳವಾರ ಕ್ರೇಗ್ ತನ್ನ ಕೋಣೆಗೆ ಕರೆದ. ಮೇಜಿನ ಮೇಲೆ ಇನ್ನೂರು ಪೋಸ್ಟರುಗಳ ಅಟ್ಟಿ. ಸಹಿ ಹಾಕಬೇಕು, ಅಭಿಮಾನಿಗಳಿಗೆ ಹಂಚಬೇಕು.

"ಕೂತ್ಕೋ ದೊಡ್ಡೋನೇ," ಎಂದ ಕ್ರೇಗ್. ಅವನು ಯಾವಾಗಲೂ ಹಾಗೇ ಕರೆಯುತ್ತಿದ್ದ. "ಕಾಫಿ? ಟೀ? ಹೋದ ಭಾನುವಾರ ನದಿಬಾಯಲ್ಲಿ ಎಂಥಾ ಮೀನು ಸಿಕ್ತು ಗೊತ್ತಾ?"

ಕ್ರೇಗ್ ಮೀನಿನ ಕಥೆ ಹೇಳತೊಡಗಿದ. ಎಲಿಮೊ ಸಹಿ ಹಾಕುತ್ತ ಹೋದ. ತನ್ನದೇ ಮುಖದ ಮೇಲೆ ತನ್ನದೇ ಹೆಸರು. ಹತ್ತು, ಇಪ್ಪತ್ತು, ನಲವತ್ತು. ಮುಂದಿನದನ್ನು ಎಳೆದ. ಅದು ಪೋಸ್ಟರ್ ಅಲ್ಲ. ಬಿಳಿ ಹಾಳೆ. ಕೆಳಗೆ ಸಹಿಯ ಜಾಗಕ್ಕೆ ಹಳದಿ ಬಾಣದ ಚೀಟಿ.

ಪೆನ್ನು ನಿಂತಿತು.

ಇಪ್ಪತ್ತೆರಡರ ವಯಸ್ಸಿನಲ್ಲಿ ಅವನು ಓದದೆ ಒಂದು ಕಾಗದಕ್ಕೆ ಸಹಿ ಹಾಕಿದ್ದ. ಆ ಸಹಿಯಿಂದಾಗಿ, ಆಟದಲ್ಲಿ ಮುರಿದ ಮಂಡಿಯ ಚಿಕಿತ್ಸೆಯ ಖರ್ಚೆಲ್ಲ ಅವನ ತಲೆಗೇ ಬಿತ್ತು. ಅಂದಿನಿಂದ ದಿನಸಿ ಅಂಗಡಿಯ ಚೀಟಿಯನ್ನೂ ಅವನು ಓದದೆ ಬಿಟ್ಟವನಲ್ಲ. ಈಗಲೂ ಓದಿದ. ನಾಲ್ಕೇ ಸಾಲು. 'ನನ್ನ ಎಡಪಾದದ ನೋವು ಈ ತಂಡವನ್ನು ಸೇರುವ ಮೊದಲೇ ಇತ್ತು. ಈ ವಿಷಯವನ್ನು ನಾನು ತಂಡಕ್ಕೆ ತಿಳಿಸಿರಲಿಲ್ಲ.'

"ಇದೇನು ಕ್ರೇಗ್?"

ಮೀನು ಗಾಳದಲ್ಲೇ ನಿಂತಿತು. "ಓ, ಅದಾ? ವಿಮೆಯವ್ರದ್ದು ಮಾರಾಯ. ಸುಮ್ನೆ ಕಾಗದ. ಎಲ್ಲರ ಹತ್ರಾನೂ ತಗೋತೀವಿ."

"ಎಲ್ಲರದ್ದೂ ಪೋಸ್ಟರ್ ಮಧ್ಯಾನೇ ಇಡ್ತೀರಾ?"

ಕ್ರೇಗ್ ನಕ್ಕ. ನಗು ಕಣ್ಣಿನ ತನಕ ಹೋಗಲಿಲ್ಲ. "ಆಫೀಸಿನ ಹುಡ್ಗಿ ಎಲ್ಲ ಸೇರಿಸಿ ಇಟ್ಟಿರ್ಬೇಕು. ಎಷ್ಟು ಅನುಮಾನನಪ್ಪಾ ನಿಂಗೆ! ಯಾರ್ ತಿಂತಾರೆ ನಿನ್ನ?"

"ಇನ್ನೊಂದ್ಸಲ ಓದಿ ಕೊಡ್ತೀನಿ."

"ನಾಲ್ಕು ಸಾಲು ಓದೋಕೆ ಎಷ್ಟು ಹೊತ್ತು ಬೇಕೋ?"

"ನಾನು ದ್ವೀಪದವ್ನಲ್ವಾ? ಗಡಿಯಾರ ನೋಡಲ್ಲ." ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಎದ್ದ. ಬಾಗಿಲು ದಾಟುವ ತನಕ ಬೆನ್ನಿನ ಮೇಲೆ ಕ್ರೇಗನ ಕಣ್ಣು ಹರಿದಾಡಿದ್ದು ಅವನಿಗೆ ಗೊತ್ತಾಯಿತು.

ಬುಧವಾರ ಬ್ರೋನ್ವಿನ್ ಅವನ ಪಾದಕ್ಕೆ ಪಟ್ಟಿ ಸುತ್ತುತ್ತಿದ್ದಳು. ತಂಡದ ಆಟಗಾರರ ಮೈಕೈ ನೋಡಿಕೊಳ್ಳುವ ಹೆಂಗಸು ಅವಳು. ಆ ಊರಿನವಳೇ. ಅಷ್ಟಾಗಿ ಮಾತಿಲ್ಲ. ಪಟ್ಟಿ ಅರ್ಧ ಸುತ್ತಿದವಳು ಎದ್ದುಹೋಗಿ ಬಾಗಿಲು ಹಾಕಿ ಬಂದಳು.

"ನಿನ್ನ ಫೋಟೋ ನೋಡಿದ್ಯಾ?"

"ಊರೆಲ್ಲ ಅದೇ ಇದ್ಯಲ್ಲ, ಬಸ್ ಸ್ಟಾಂಡಲ್ಲಿ."

"ಮುಖದ್ದಲ್ಲ. ಕಾಲಿಂದು."

ಎಲಿಮೊ ಅವಳ ಮುಖ ನೋಡಿದ. ಅವಳು ಪಟ್ಟಿಯನ್ನೇ ನೋಡುತ್ತಿದ್ದಳು.

"ಊತ ಅಂದ್ರಲ್ಲ ಡಾಕ್ಟ್ರು."

"ನಂಗೂ ಹಾಗೇ ಅಂದ್ರು. ನಾನು ಏಳು ವಾರದಿಂದ ಈ ಕಾಲು ಮುಟ್ತಿದ್ದೀನಿ ಎಲಿಮೊ. ಊತ ಹೀಗಿರಲ್ಲ. ನಿನ್ನ ಹೆಸ್ರಲ್ಲಿ ತೆಗೆದ ಚಿತ್ರ ನಿಂದೇ. ಸ್ಕ್ಯಾನ್ ಮಾಡ್ದೋರ ಹತ್ರ ನೀನೇ ಹೋಗಿ ಕೇಳು. ಕೊಡ್ಲೇಬೇಕು."

"ನಿಂಗ್ಯಾಕೆ ಇಷ್ಟು ಕಾಳಜಿ?"

ಅವಳು ಪಟ್ಟಿಯ ಕೊನೆಯ ಸುತ್ತು ಬಿಗಿದಳು. ಪಟ್ಟಿಯ ತುದಿ ಕತ್ತರಿಸಿ, ಬಾಗಿಲು ತೆಗೆದಳು.

ಅವನಿಗೆ ಆ ರಾತ್ರಿ ಬ್ರೋನ್ವಿನ್ ಮೇಲೇ ಅನುಮಾನ. ಇವಳನ್ನು ಕ್ರೇಗೇ ಕಳಿಸಿರಬೇಕು. ಇವನು ಹೋಗಿ ಸ್ಕ್ಯಾನು ಕೇಳಲಿ, ಆಡಲಾಗದಷ್ಟು ನೋವಿದೆ ಎಂದು ಇವನೇ ಒಪ್ಪಿದ ಹಾಗಾಗಲಿ, ಕಾಲಿಲ್ಲದವನು ಎಂದು ಹೊರಗೆ ಹಾಕೋಣ ಎಂಬ ಲೆಕ್ಕ. ಅದೂ ನಡೆದಿತ್ತು ಅವನಿಗೆ, ಐದನೆಯ ತಂಡದಲ್ಲಿ. ಒಳ್ಳೆಯ ಮಾತಾಡಿ ಬಾಯಿ ಬಿಡಿಸಿದ್ದ ಜೊತೆಗಾರನೇ ಅಲ್ಲಿ ಹೋಗಿ ತರಬೇತುದಾರನಿಗೆ ಹೇಳಿಬಂದಿದ್ದ. ಹನ್ನೆರಡು ತಂಡಗಳಲ್ಲಿ ಎಲಿಮೊ ನಂಬಿದ್ದು ಮೂವರನ್ನು. ಮೂರು ಸಲವೂ ಕೈ ಸುಟ್ಟಿತ್ತು.

ಆದರೆ ಜೇಬಿನಲ್ಲಿ ಆ ಹಾಳೆ ಇತ್ತು. ಬರೀ ಊತಕ್ಕೆ ಇಂಥ ಕಾಗದ ಯಾರು ಬರೆಸುತ್ತಾರೆ?

ಗುರುವಾರ ಅಭ್ಯಾಸ ಮುಗಿಸಿ ಸ್ಕ್ಯಾನ್ ಕೇಂದ್ರಕ್ಕೆ ಹೋದ. ಜಗಳಕ್ಕೆ ತಯಾರಾಗಿ ಹೋಗಿದ್ದ. ಜಗಳವೇ ಆಗಲಿಲ್ಲ. ಮೇಜಿನ ಹಿಂದಿನ ಹೆಂಗಸು ಹುಟ್ಟಿದ ತಾರೀಕು ಕೇಳಿದಳು, ಗುರುತಿನ ಚೀಟಿ ನೋಡಿದಳು, ಲಕೋಟೆ ಕೊಟ್ಟಳು. ಐದು ನಿಮಿಷ. ಏಳು ವಾರ ಅವನಿಂದ ಮುಚ್ಚಿಟ್ಟದ್ದು ಐದು ನಿಮಿಷದ ದೂರದಲ್ಲಿ ಬಿದ್ದಿತ್ತು.

ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ, ಉರಿಬಿಸಿಲಿನಲ್ಲಿ ನಿಂತು ಓದಿದ. ಪಾದದ ನಡುಮೂಳೆ ಬಿರುಕು ಬಿಟ್ಟಿದೆ. ಕೂಡಲೇ ಆಟ ನಿಲ್ಲಿಸಬೇಕು. ಆರು ವಾರ ನೆಲಕ್ಕೆ ಕಾಲೂರಬಾರದು. ಭಾರ ಹಾಕಿದರೆ ಮೂಳೆ ಪೂರ್ತಿ ಸೀಳಬಹುದು. ಕೆಳಗೆ ತಾರೀಕು, ಏಳು ವಾರದ ಹಿಂದಿನದು. ಅದರ ಕೆಳಗೆ, ಇದನ್ನು ತಂಡದ ಕಚೇರಿಗೆ ಅದೇ ದಿನ ತಲುಪಿಸಲಾಗಿದೆ ಎಂಬ ಸಾಲು.

ಅವನು ಲೆಕ್ಕ ಹಾಕಿದ. ಏಳು ವಾರ. ಹತ್ತು ಪಂದ್ಯ. ಹತ್ತು ಸೂಜಿ. ಮುರಿದ ಮೂಳೆಯ ಮೇಲೆ ಎಷ್ಟು ಸಾವಿರ ಸಲ ಹಾರಿದ್ದೆ? ಹಾರಿಸಿದವರಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಬೆನ್ನು ತಟ್ಟಿದ್ದರು. ಶನಿವಾರದ ತನಕ ಈ ಕಾಲು ಬೇಕಾಗಿತ್ತು ಅವರಿಗೆ. ಪೋಸ್ಟರಿನ ಮುಖ ಕೋರ್ಟಿನ ಮೇಲೆ ನಿಲ್ಲಬೇಕಿತ್ತು. ಸಹಿ ಬಿದ್ದಿದ್ದರೆ ಭಾನುವಾರ ಆ ಬಿಳಿ ಹಾಳೆ ಹೊರಬರುತ್ತಿತ್ತು. ರೋಗ ಮುಚ್ಚಿಟ್ಟು ಬಂದ ದ್ವೀಪದವನು ಎಂದು ಊರಿಗೆ ಹೇಳಲು.

ಭಾರವನ್ನೆಲ್ಲ ಬಲಗಾಲಿಗೆ ಹಾಕಿ ನಿಂತ. ಎಡಗಾಲು ಮುರಿದದ್ದು ಈಗಷ್ಟೇ ಅವನಿಗೆ ತಿಳಿದಿತ್ತು.

ಶುಕ್ರವಾರ ಸಂಜೆ ಆಂಟಿ ಜೆಮೈಮಾಳ ಮನೆಗೆ ಹೋದ. ಅವಳು ಕೋಳಿ ಮತ್ತು ಶಾವಿಗೆ ಹಾಕಿ ದ್ವೀಪದ ಅಡುಗೆ ಸೆಮೂರ್ ಬೇಯಿಸುತ್ತಿದ್ದಳು. ಗೋಡೆಗೆ ಆ ಅಂಗಿ ನೇತುಹಾಕಿತ್ತು.

"ಬಾ ಮಗಾ. ನಿನ್ನ ಮುಖ ನೋಡಿ ನೋಡಿ ಬಸ್ಸಿನವ್ರಿಗೆ ಸಾಕಾಗಿದ್ಯಂತೆ. ಇಲ್ಲೂ ತಂದ್ಯಾ?"

ಅವನು ನಗಲಿಲ್ಲ. ಎರಡು ಹಾಳೆಗಳನ್ನೂ ಮೇಜಿನ ಮೇಲಿಟ್ಟ. ಆಂಟಿ ಕನ್ನಡಕ ಹುಡುಕಿ ಹಾಕಿಕೊಂಡು ಓದಿದಳು. ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ನೆಲ ಒರೆಸಿದವಳು, ಡಾಕ್ಟರುಗಳ ಭಾಷೆ ಅವಳಿಗೆ ತಿಳಿಯುತ್ತಿತ್ತು. ಓದಿ ಮುಗಿಸಿ ಒಲೆ ಆರಿಸಿದಳು.

"ನಾನು ನಾಳೆ ಆಡಲ್ಲ ಆಂಟಿ."

"ಆಡ್ತೀಯ ಅಂತ ಯಾರು ಅಂದ್ರು?"

"ನಿನ್ನ ಅಂಗಿ... ಎರಡು ತಿಂಗಳು ಕೂತು ಬರೆದಿದ್ದೀಯ. ಊರವರೆಲ್ಲ ಬರ್ತಾರೆ. ನಾನೇ ಹಾಳು ಮಾಡ್ದ ಹಾಗಾಗುತ್ತೆ."

ಆಂಟಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಸಿಟ್ಟಿನಿಂದ ಮಾತಾಡಿದಳು. ಮೊದಲ ಸಿಟ್ಟು ಅವನ ಮೇಲೇ.

"ಏಳು ವಾರ ಕುಂಟ್ತಾ ಬಂದು ನನ್ನ ಮನೇಲಿ ಊಟ ಮಾಡಿದ್ಯಲ್ಲೋ, ಒಂದ್ಸಲ ಹೇಳ್ಬಾರ್ದಾ? ನಮ್ಮಾಸ್ಪತ್ರೆಲಿ ಡಾಕ್ಟ್ರು ಇರ್ಲಿಲ್ವಾ? ನನ್ನ ಮೇಲೂ ಅನುಮಾನಾನಾ ನಿಂಗೆ?"

ಅವಳ ಮೇಲೆ ಅವನಿಗೆ ಅನುಮಾನವಿರಲಿಲ್ಲ, ಹಾಗಂತ ನೋವನ್ನು ಹೇಳಿಯೂ ಇರಲಿಲ್ಲ. ನೋವು ಹೇಳಿಕೊಂಡವನನ್ನು ಹೊರಗೆ ಹಾಕುತ್ತಾರೆ ಎಂಬುದು ಅವನ ಬಾಯಿಯನ್ನು ಎಲ್ಲರ ಮುಂದೆಯೂ ಹೊಲಿದುಬಿಟ್ಟಿತ್ತು.

"ಅಂಗಿ ಬಿಚ್ಚಿ ಅವರ ಮುಖಕ್ಕೆ ಎಸೀತೀನಿ," ಎಂದ.

"ಬಿಚ್ಬೇಡ," ಎಂದಳು ಆಂಟಿ. "ಅದು ಅವರ್ದಲ್ಲ. ಕಡಲಹಸು ನಮ್ದು, ಹಕ್ಕಿ ನಮ್ದು. ಅದನ್ನ ಹಾಕ್ಕೊಂಡೇ ಏನ್ ಮಾಡ್ತೀಯೋ ಮಾಡು. ಈಗ ಕಾಲು ಕುರ್ಚಿ ಮೇಲಿಡು, ಊಟ ಮಾಡು."

ಶನಿವಾರ ಮಧ್ಯಾಹ್ನ ಮೂರು ಗಂಟೆ. ಒಳಗಿನ ಚಿಕ್ಕ ಕೋಣೆ. ಡಾಕ್ಟರು ಸೂಜಿಗೆ ಮದ್ದು ಎಳೆದುಕೊಂಡು, "ಕಾಲು ಇಡಪ್ಪಾ" ಎಂದ. ಗ್ಯಾವಿನ್ ಗೋಡೆಗೆ ಒರಗಿ ನಿಂತಿದ್ದ. ಕ್ರೇಗ್ ಬಾಗಿಲಲ್ಲಿ. ಬ್ರೋನ್ವಿನ್ ಮೂಲೆಯಲ್ಲಿ ಪಟ್ಟಿಗಳನ್ನು ಜೋಡಿಸುತ್ತಿದ್ದಳು.

"ಬೇಡ," ಎಂದ ಎಲಿಮೊ.

"ಏನ್ ಬೇಡ?"

"ಸೂಜಿ ಬೇಡ."

ಅವನು ವರದಿಯನ್ನು ಮೇಜಿನ ಮೇಲೆ ಹರಡಿದ. ಯಾರೂ ಕೈಗೆತ್ತಿಕೊಳ್ಳಲಿಲ್ಲ. ಓದದೆಯೇ ಅವರಿಗೆ ಗೊತ್ತಿತ್ತು. ಅದನ್ನೇ ಅವನು ನೋಡಬೇಕಿತ್ತು. ಡಾಕ್ಟರು ಸೂಜಿಗೆ ಮುಚ್ಚಳ ಹಾಕಿ, ಕಿಟಕಿ ನೋಡುವವನಂತೆ ಆಚೆ ತಿರುಗಿದ. ಅಲ್ಲಿ ಕಿಟಕಿಯೇ ಇರಲಿಲ್ಲ.

"ಇದೆಲ್ಲಿ ಸಿಕ್ತು ನಿಂಗೆ?" ಎಂದ ಕ್ರೇಗ್.

"ನನ್ನ ಕಾಲೊಳಗೆ."

"ನೋಡು ದೊಡ್ಡೋನೇ, ನಾಲ್ಕು ಸಾವಿರ ಜನ ಕೂತಿದಾರೆ ಹೊರಗೆ. ಟಿವಿ ಇದೆ. ನಿಮ್ಮ ಜನಕ್ಕೋಸ್ಕರಾನೇ ಮಾಡ್ತಿರೋದು ಇದನ್ನೆಲ್ಲ."

"ನನ್ನ ಜನ ನನ್ನ ಕಾಲು ಕೇಳಿಲ್ಲ."

ಗ್ಯಾವಿನ್ ಗೋಡೆ ಬಿಟ್ಟು ಮುಂದೆ ಬಂದ. "ಹತ್ತು ನಿಮಿಷ ಆಡು ಸಾಕು. ಆಮೇಲೆ ನಾನೇ ಕೂರಿಸ್ತೀನಿ."

"ಈಗ್ಲೇ ಕೂರ್ತೀನಿ."

"ಇವತ್ತು ಆಡ್ದಿದ್ರೆ ಈ ದೇಶದಲ್ಲಿ ಯಾವ ತಂಡಾನೂ ನಿನ್ನ ಮುಟ್ಟಲ್ಲ, ತಿಳ್ಕೋ."

"ಮುಟ್ಟಿದ್ದು ಸಾಕು ಬಿಡಿ."

ಮೈಕಿನಲ್ಲಿ ಹೆಸರು ಕೂಗಲು ಶುರುವಾಯಿತು. ದೀಪ ಆರಿಸಿ, ತಮಟೆಯಂಥ ಸದ್ದು ಹಾಕಿ, ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಕೊನೆಯ ಹೆಸರು ಎಲಿಮೊನದು. ಆ ದಿನಕ್ಕೆ ಮಾತ್ರ ಆ ಮರ್ಯಾದೆ. ಅವನು ಎದ್ದ. ಕ್ರೇಗನ ಮುಖ ಅರಳಿತು. ಒಪ್ಪಿದ ಎಂದುಕೊಂಡ. ಬಾಗಿಲು ಬಿಟ್ಟು ದಾರಿ ಕೊಟ್ಟ.

ಸೂಜಿಯಿಲ್ಲದ ಪಾದ ಪ್ರತಿ ಹೆಜ್ಜೆಗೂ ಕೂಗಿತು. ಏಳು ವಾರದಲ್ಲಿ ಮೊದಲ ಸಲ ಅದು ಅವನದೇ ಪಾದವಾಗಿತ್ತು. ಮರದ ನೆಲದ ಮೇಲೆ ಕುಂಟುತ್ತ ನಡುಗೆರೆಯ ತನಕ ಬಂದ. ನಾಲ್ಕು ಸಾವಿರ ಜನ ಎದ್ದು ಚಪ್ಪಾಳೆ ತಟ್ಟಿದರು. ಕಡಲಹಸುವಿನ ಅಂಗಿ ತೊಟ್ಟ ಆರೂವರೆ ಅಡಿಯ ಗಂಡಸು ನಡುವೃತ್ತದಲ್ಲಿ ಕುಳಿತ. ಎಡಗಾಲಿನ ಬೂಟು ಬಿಚ್ಚಿದ. ಪಟ್ಟಿ ಬಿಚ್ಚಿದ. ಊದಿ ನೀಲಿಗಟ್ಟಿದ ಪಾದವನ್ನು ಮುಂದೆ ಚಾಚಿ ಇಟ್ಟ.

ಜನ ಇದೂ ಗೌರವದ ಆಚರಣೆಯೇ ಇರಬೇಕೆಂದು ಇನ್ನೂ ಜೋರಾಗಿ ತಟ್ಟಿದರು.

ಅಂಗಿಯ ಬಗ್ಗೆ ಎರಡು ಮಾತಾಡಲು ಆಂಟಿ ಜೆಮೈಮಾಳ ಕೈಗೆ ಮೈಕು ಕೊಟ್ಟಿದ್ದರು. ಹೂವಿನ ದೊಗಳೆ ಗೌನು ತೊಟ್ಟು ಬಂದಿದ್ದಳು. "ಈ ಹುಡುಗನ ಕಾಲು ಮುರಿದು ಏಳು ವಾರ ಆಯ್ತು," ಎಂದಳು. "ಇವರಿಗೆ ಗೊತ್ತಿತ್ತು. ಸೂಜಿ ಚುಚ್ಚಿ ಆಡಿಸಿದ್ರು." ಅಷ್ಟರಲ್ಲಿ ಮೈಕು ಸತ್ತಿತು. ಹಾಡು ಜೋರಾಯಿತು. ಅವಳು ನಿಲ್ಲಿಸಲಿಲ್ಲ. ಬಾಯಿ ಆಡುತ್ತಲೇ ಇತ್ತು. ಮುಂದಿನ ಎರಡು ಸಾಲಿಗೆ ಕೇಳಿಸಿತು. ಅವರು ಹಿಂದಿನ ಸಾಲಿಗೆ ತಿರುಗಿ ಹೇಳಿದರು. ಮಾತು ಒಂದೊಂದೇ ಮೆಟ್ಟಿಲು ಹತ್ತಿತು. ಅರ್ಧ ಸಭೆಗೆ ಅದು ತಲುಪುವ ಹೊತ್ತಿಗೆ ಉಳಿದರ್ಧ ಆಟ ಶುರುಮಾಡಿ ಎಂದು ಬೊಬ್ಬೆ ಹಾಕುತ್ತಿತ್ತು.

ಪಂದ್ಯದ ತೀರ್ಪುಗಾರ ಬಂದು ಏಳಪ್ಪಾ ಎಂದ. ಎಲಿಮೊ ಏಳಲಿಲ್ಲ. ಕಾವಲಿನವರು ಇಬ್ಬರು ಬಂದರು. ಟಿವಿಯ ಕಣ್ಣು ನೋಡಿ ಕೈ ಹಾಕಲು ಹೆದರಿ ನಿಂತರು. ಗ್ಯಾವಿನ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಕ್ಯಾಮೆರಾಕ್ಕೆ ನಗುತ್ತಾ ಹಲ್ಲಿನ ಸಂದಿಯಲ್ಲಿ, "ಏಳೋ ಕೃತಘ್ನ ನಾಯಿ" ಎಂದ. ಮೇಲಿನಿಂದ ಯಾರೋ ಬೀರಿನ ಲೋಟ ಎಸೆದರು. ಅಂಗಿಯ ಹಕ್ಕಿ ಒದ್ದೆಯಾಯಿತು. ಎಲಿಮೊ ಕೂತೇ ಇದ್ದ. ಅವನ ಹದಿನಾಲ್ಕು ವರ್ಷದ ಕಸುಬೇ ಅದಾಗಿತ್ತು, ಅಡ್ಡ ನಿಲ್ಲುವುದು. ಇವತ್ತು ಯಾರದೋ ಚೆಂಡಿಗೆ ದಾರಿ ಮಾಡಲು ಅಲ್ಲ.

ಹನ್ನೊಂದನೆಯ ನಿಮಿಷಕ್ಕೆ ಒಳಬಾಗಿಲಿಂದ ಬ್ರೋನ್ವಿನ್ ಬಂದಳು. ಕೈಯಲ್ಲಿ ಎರಡು ಊರುಗೋಲು. ಕ್ರೇಗ್ ಅಡ್ಡ ಬಂದದ್ದು, ಅವಳು ಅವನನ್ನು ಸುತ್ತಿಹಾಕಿ ಬಂದದ್ದು ಎಲ್ಲರಿಗೂ ಕಂಡಿತು. ಎಲಿಮೊನ ಮುಂದೆ ನಿಂತು ಊರುಗೋಲು ಚಾಚಿದಳು.

ಅವನು ಮುಟ್ಟಲಿಲ್ಲ. "ನಿನ್ನ ಯಾರು ಕಳಿಸಿದ್ರು? ನನ್ನ ಎಬ್ಬಿಸೋಕೆ ಕಳಿಸಿದ್ರಾ?"

"ಯಾರೂ ಕಳಿಸಿಲ್ಲ."

"ಇದ್ರಿಂದ ನಿಂಗೇನು ಬರುತ್ತೆ?"

"ಬರೋದೇನಿಲ್ಲ. ಕೆಲ್ಸ ಹೋಗುತ್ತೆ." ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ಏಳು ವಾರದ ಹಿಂದೇನೇ ತರ್ಬೇಕಿತ್ತು. ನಾನೂ ಹೆದರ್ಕೊಂಡಿದ್ದೆ. ನೀನು ಇಷ್ಟ ಇದ್ರೆ ತಗೋ, ಇಲ್ಲಾಂದ್ರೆ ಇಲ್ಲೇ ಇಟ್ಟು ಹೋಗ್ತೀನಿ."

ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಸುಳ್ಳು ಹುಡುಕಿದ. ಸಿಗಲಿಲ್ಲ. ಊರುಗೋಲು ತೆಗೆದುಕೊಂಡು ಎದ್ದ. ಬೂಟನ್ನು ಅಲ್ಲೇ ಬಿಟ್ಟ. ಆಂಟಿ ಮುಂದೆ, ಅವನು ಹಿಂದೆ, ಬ್ರೋನ್ವಿನ್ ಕೊನೆಗೆ. ಆಟಗಾರರ ಬಾಗಿಲಿಂದ ಹೋಗಲಿಲ್ಲ. ಜನರ ಬಾಗಿಲಿಂದ ಹೊರಟರು.

ಭಾನುವಾರ ತಂಡ ಅವನನ್ನು ಕೈಬಿಟ್ಟಿತು. ತಪ್ಪು ತಿಳುವಳಿಕೆ ಎಂದು ಹೇಳಿಕೆ ಕೊಟ್ಟಿತು. ಬುಧವಾರ ಬ್ರೋನ್ವಿನ್ ಕೆಲಸ ಹೋಯಿತು. ಅವಳು ಈಗ ವೃದ್ಧಾಶ್ರಮವೊಂದರಲ್ಲಿ ಮುದುಕರ ಮಂಡಿ ನೀವುತ್ತಾಳೆ. ಎಲಿಮೊನ ಪಾದಕ್ಕೆ ತಿರುಪು ಹಾಕಿ ಮೂಳೆ ಕೂಡಿಸಿದರು. ನಡೆಯಬಲ್ಲ, ಹಾರಲಾರ. ಗ್ಯಾವಿನ್ ಅಂದದ್ದು ನಿಜವಾಯಿತು. ಯಾವ ತಂಡವೂ ಮುಟ್ಟಲಿಲ್ಲ. ಆದರೆ ಆಟಗಾರರ ಸಂಘ ಬಿಡಲಿಲ್ಲ. ಪೋಸ್ಟರುಗಳ ನಡುವೆ ಸಿಕ್ಕ ಆ ಹಾಳೆ, ತಾರೀಕಿದ್ದ ವರದಿ, ಬ್ರೋನ್ವಿನ್ ಸಾಕ್ಷಿ, ಮೂರೂ ಸೇರಿ ಡಾಕ್ಟರನನ್ನೂ ಕ್ರೇಗನನ್ನೂ ಆಟದಿಂದ ಹೊರಗಿಟ್ಟವು. ಆಟಗಾರನ ದೇಹದ ವರದಿ ಮೊದಲು ಆಟಗಾರನ ಕೈಗೇ ಬರಬೇಕೆಂದು ನಿಯಮವಾಯಿತು. ಎಲಿಮೊನಿಗೆ ಆ ನಿಯಮದ ಮೇಲೂ ಪೂರ್ತಿ ನಂಬಿಕೆಯಿಲ್ಲ. ಕಾಗದ ತಾನೇ, ಎನ್ನುತ್ತಾನೆ.

ವಿಚಾರಣೆ ನಡೆದದ್ದು ನಾಲ್ಕು ತಿಂಗಳ ನಂತರ, ಬ್ರಿಸ್ಬೇನಿನ ಒಂದು ತಣ್ಣನೆ ಕೋಣೆಯಲ್ಲಿ. ತಂಡದ ವಕೀಲ ಕೊನೆಗೆ ಕೇಳಿದ, "ಮಿಸ್ಟರ್ ಗಿಬುಮಾ, ನಾಲ್ಕು ಸಾವಿರ ಜನರನ್ನ ಹನ್ನೊಂದು ನಿಮಿಷ ಕಾಯಿಸಿದ್ರಿ. ಅದರ ಬಗ್ಗೆ ನಿಮಗೆ ಒಂಚೂರೂ ಬೇಜಾರಿಲ್ವಾ?"

ಎಲಿಮೊ ಯೋಚಿಸಿದ. ಅವಸರವಿರಲಿಲ್ಲ ಅವನಿಗೆ.

"ಇದೆ ಸಾರ್," ಎಂದ. "ಏಳು ವಾರ ಮುಂಚೇನೇ ಕೂರ್ಬೇಕಿತ್ತು."